ಕುಂಚಿಗೆ ತೊಟ್ಟ ಗುಂಡಕಲ್ಲು

ನನ್ನ ದೊಡ್ಡಪ್ಪನನ್ನು ಅಂಗಡಿಗೆ ಕರೆದುಕೊಂಡು ಹೋಗುವುದಕ್ಕಿಂತ ಅಂಗಡಿಯನ್ನೇ ಕಿತ್ತು ಮನೆಗೆ ತರುವುದು ಸುಲಭ. ಇದು ನಾನು ಸಿಟ್ಟಿನಲ್ಲಿ ಹೇಳುತ್ತಿರುವ ಮಾತಲ್ಲ. ವಾಸ್ಕೊ, ಮಡಗಾಂವಗಳ ಅರ್ಧ ಡಜನ್ ಅಂಗಡಿಯವರು ಬೇಕಾದರೆ ಸಾಕ್ಷಿ ಹೇಳುತ್ತಾರೆ. ಒಂದು ಜೊತೆ ಚಪ್ಪಲಿ ಕೊಳ್ಳಬೇಕೆಂದರೆ ದೊಡ್ಡಪ್ಪ ಮೊದಲ ದಿನ ನೋಡಿ ಬರುತ್ತಾನೆ, ಎರಡನೆಯ ದಿನ ಬಗ್ಗಿಸಿ ಬರುತ್ತಾನೆ, ಮೂರನೆಯ ದಿನ ಮೂಸಿ ಬರುತ್ತಾನೆ. ನಾಲ್ಕನೆಯ ದಿನ ಹೋಗುವಷ್ಟರಲ್ಲಿ ಅದು ಯಾರಿಗೋ ಮಾರಿಹೋಗಿರುತ್ತದೆ. "ನೋಡ್, ಮಾಲ್ ಚಲೋ ಐತಂತ ನಾ ಮೊದಲ ಹೇಳಿದ್ನಿಲ್ಲೋ" ಎಂದು ಹಳೆಯ ಚಪ್ಪಲಿಯಲ್ಲೇ ಹೆಮ್ಮೆಯಿಂದ ಮನೆಗೆ ಬರುತ್ತಾನೆ!

ನಲವತ್ತು ವರ್ಷಕ್ಕೂ ಮೇಲ್ಪಟ್ಟು ಗೋವಾದಲ್ಲಿ ಗೌಂಡಿಯಾಗಿ ಗಾರೆ ಕೆಲಸ ಮಾಡಿದ ಮನುಷ್ಯ. ಒಂದು ಜೇಬಿನಲ್ಲಿ ಅಳತೆಯ ಟೇಪು, ಇನ್ನೊಂದರಲ್ಲಿ ನೀರಗುಳ್ಳೆಯ ಪುಟ್ಟ ಲೆವೆಲ್ ಪಟ್ಟಿ. ದೇವರ ಫೋಟೊದಿಂದ ಹಿಡಿದು ಹೋಟೆಲಿನ ದೋಸೆ ಹಂಚಿನವರೆಗೆ ಎಲ್ಲದರ ಮೇಲೂ ಆ ಪಟ್ಟಿ ಇಟ್ಟು ನೋಡಿದ್ದಾನೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಎಲ್ಲರೂ ಹುಡುಗನ ಕೆಲಸ, ಓದು ವಿಚಾರಿಸುತ್ತಿದ್ದರೆ ದೊಡ್ಡಪ್ಪ ಹೊರಗೆ ಹೋಗಿ ಅವನು ಬಿಟ್ಟ ಚಪ್ಪಲಿಗಳನ್ನು ಮಗುಚಿ ನೋಡುತ್ತಿದ್ದ. ಒಳಗೆ ಬಂದು ತೀರ್ಪು ಕೊಟ್ಟ: "ಎರಡೂ ಹಿಮ್ಮಡ ಸಮ ಸವದಾವು. ಹುಡುಗ ನೆಟ್ಟಗ ನಡಿಯಾಂವ ಅದಾನ. ಕೊಡ್ರಿ." ಕೊಟ್ಟರು. ಏಳು ವರ್ಷವಾಯಿತು, ನನ್ನ ಗಂಡ ನೆಟ್ಟಗೇ ನಡೆಯುತ್ತಿದ್ದಾನೆ. ಬೇರೆ ದೂರುಗಳಿವೆ, ಆದರೆ ಅವು ಚಪ್ಪಲಿಯಲ್ಲಿ ಕಾಣುವಂಥವಲ್ಲ.

ಇಂಥ ಮನುಷ್ಯನ ಕೈಗೆ ಮಕ್ಕಳ ಗಾಡಿ ಆರಿಸುವ ಕೆಲಸ ಹೇಗೆ ಬಂತು ಎಂದು ಕೇಳುತ್ತೀರಾ? ನಾವು ಕೊಟ್ಟಿದ್ದಲ್ಲ, ಅವನೇ ಕಿತ್ತುಕೊಂಡದ್ದು.

ನಮ್ಮ ಮನೆ ಸಾಂಕೋಲೆಯ ಗುಡ್ಡದ ಓಣಿಯಲ್ಲಿದೆ. ನಾನು ಪಾಠ ಹೇಳುವ ಕನ್ನಡ ಶಾಲೆ ಗುಡ್ಡದ ಕೆಳಗೆ. ಮಗಳಿಗೆ ಎರಡೂವರೆ ವರ್ಷ. ಮಗ ಹುಟ್ಟಿ ಮೂರು ತಿಂಗಳು. ರಜೆ ಮುಗಿಯುತ್ತ ಬಂದಿತ್ತು. ಶಾಲೆಯ ಪಕ್ಕದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಬಾಯಿಯೊಬ್ಬಳು ಸಿಕ್ಕಿದ್ದಳು; ಗೋವಾದಲ್ಲಿ ಹೆಂಗಸರೆಲ್ಲ ಬಾಯಿಯೇ. ಆದರೆ ಎರಡನ್ನೂ ಅಲ್ಲಿಯವರೆಗೆ ಒಯ್ಯುವುದು ಹೇಗೆ? ಗಂಡ ಬೆಳಿಗ್ಗೆ ಆರಕ್ಕೆಲ್ಲ ಕಾರ್ಖಾನೆಯ ಬಸ್ಸು ಹತ್ತುತ್ತಾನೆ. ತಮ್ಮ ಹುಟ್ಟಿದಾಗಿನಿಂದ ಮಗಳಂತೂ ನಡೆಯುವುದನ್ನೇ ಮರೆತವಳ ಹಾಗೆ ನಾಲ್ಕು ಹೆಜ್ಜೆಗೊಮ್ಮೆ ರಸ್ತೆಯ ಮಧ್ಯೆ ಕುಳಿತುಬಿಡುತ್ತಿದ್ದಳು.

ಬಾಣಂತನಕ್ಕೆಂದು ಸಿಂದಗಿ ಕಡೆಯ ಊರಿನಿಂದ ಬಂದಿದ್ದ ಅತ್ತೆ ಇದಕ್ಕೆ ದಾರಿ ಹುಡುಕಿದರು. "ಐತಾರ ಬಸ್ಸಿಗೆ ನಾ ಊರಿಗೆ ಹೊಂಟೇನಿ. ದೊಡ್ಡಾಕಿನ್ನ ಕರಕೊಂಡು ಹೋಗ್ತೇನಿ. ಎರಡ ವರ್ಷದ ಮಾತು. ಅಲ್ಲೆ ಹಾಲೈತಿ, ಮಸರೈತಿ, ಆಡಾಕ ಅಂಗಳೈತಿ. ನೀ ಸಣ್ಣಾಂವನ್ನ ಎತ್ತಿಕೊಂಡು ಸಾಲಿಗೆ ಹೋಗು."

ಅತ್ತೆಯದು ಕೆಟ್ಟ ಮನಸ್ಸಲ್ಲ. ದುಡಿಯಲು ಗೋವಾಕ್ಕೆ ಬಂದ ನಮ್ಮ ಕಡೆಯವರಲ್ಲಿ ಇದು ನಡೆದುಬಂದದ್ದೇ. ನಮ್ಮ ಓಣಿಯಲ್ಲೇ ಮೂರು ಮನೆಗಳ ದೊಡ್ಡ ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿವೆ. ಗಂಡನೂ "ನೋಡೂಣು" ಎಂದ. ಗಂಡಸರು "ನೋಡೂಣು" ಎಂದರೆ ಅರ್ಧ ಒಪ್ಪಿದರೆಂದೇ ಲೆಕ್ಕ. ನಾನು ಮಾತ್ರ ಮಗಳನ್ನು ಕಳಿಸಲಾರೆ, ಕಳಿಸದೆ ಹೇಗೆ ಎಂಬುದೂ ಗೊತ್ತಿಲ್ಲ.

ಆಗ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ದೊಡ್ಡಪ್ಪ ಬಸಿಯನ್ನು ಕೆಳಗಿಟ್ಟ. "ಎರಡು ಕೂಸು ಕುಂದರೂ ದಬ್ಬೋ ಗಾಡಿ ಸಿಗ್ತಾವಂತ. ನಾ ತರ್ತೇನಿ."

"ಐತಾರದೊಳಗ ತಂದ್ರ ನೋಡೂಣು ತಗೋರಿ ಬೀಗರ," ಎಂದರು ಅತ್ತೆ. ಹಾಗೆ ಹೇಳಿ, ಭಾನುವಾರದ ಪ್ರಯಾಣಕ್ಕೆ ಮಗಳ ಫ್ರಾಕುಗಳನ್ನು ಮಡಚಿ ಟ್ರಂಕಿಗೆ ಹಾಕಲು ಶುರುಮಾಡಿದರು.

ಮರುದಿನವೇ ಗಾಡಿ ಬಂತು. ಕಟ್ಟಡದ ಕೆಲಸದಲ್ಲಿ ಕಾಂಕ್ರೀಟು ಸಾಗಿಸುವ ಒಂಟಿ ಗಾಲಿಯ ತಗಡಿನ ಗಾಡಿ! ಒಳಗೆ ಕೌದಿ ಹಾಸಿ, ಎರಡು ತಲೆದಿಂಬು ಇಟ್ಟಿದ್ದ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನನ್ನ ಮೊಮ್ಮಕ್ಕಳ ಏನು ಕಾಂಕ್ರೀಟ್ ಮಾಲೇನ್ರಿ ಬೀಗರ?"

"ಮಾಲಿಗೆ ಯಾಕ ಬೈತೀರಿ? ಇಷ್ಟ ವರ್ಷದಾಗ ಒಂದು ಹನಿ ಚೆಲ್ಲಿಲ್ಲ ನಾ," ಎಂದ ದೊಡ್ಡಪ್ಪ. "ಮತ್ತ ಇದು ಬರೇ ಮಾಪಿಗೆ ತಂದಿದ್ದು. ಓಣಿಯಾಗ ಎಲ್ಲೆಲ್ಲೆ ತಗಲತೈತಿ ನೋಡಬೇಕಲ್ಲ."

ಅಳತೆಗೆಂದು ತಂದ ಗಾಡಿಯಲ್ಲಿ ಮಗಳು ಹತ್ತಿ ಕುಳಿತವಳು ಇಳಿಯಲೇ ಇಲ್ಲ. ಅದರಲ್ಲೇ ಉಂಡಳು, ಅದರಲ್ಲೇ ಮಲಗಿದಳು. ಎಚ್ಚರವಾಗುವುದರೊಳಗೆ ಅವಳನ್ನು ಮೆಲ್ಲಗೆ ಎತ್ತಿ, ಗಾಡಿಯನ್ನು ಓಡಿಸಿಕೊಂಡು ಹೋಗಬೇಕಾಯಿತು.

ಬುಧವಾರ ವಾಸ್ಕೊದ ದೊಡ್ಡ ಅಂಗಡಿಗೆ ಹೋದೆವು. ಜೊತೆಗೆ ದೊಡ್ಡಪ್ಪನ ಹೆಗಲಲ್ಲಿ ಒಂದು ಭಾರವಾದ ಚೀಲ. ಏನೆಂದು ಕೇಳಿದರೆ, "ಕೆಲಸಕ್ಕ ಬೀಳ್ತೈತಿ" ಎಂದ. ಅಂಗಡಿಯ ಬಾಯಿ ನಗುಮುಖದಿಂದ ಬಂದು, "ಟ್ಯಾಂಡೆಮ್ ದಿಖಾಊಂ ಕ್ಯಾ?" ಎಂದು ಕೇಳಿದಳು.

"ಟೆಂಡರ್ ನಕೋ ಬಾಯಿ," ಎಂದ ದೊಡ್ಡಪ್ಪ. "ಟೆಂಡರ್ ಸರಕಾರಿ ಕಾಮ್ ಕೋ. ಹಮ್ ಸೀದಾ ಲೇತೇ."

ಟ್ಯಾಂಡೆಮ್ ಅಂದರೆ ಒಂದರ ಹಿಂದೆ ಒಂದು ಸೀಟು ಇರುವ ಗಾಡಿ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಆಕೆ ಒಂದನ್ನು ತಳ್ಳಿಕೊಂಡು ಬರುತ್ತಿದ್ದಳು. ದೊಡ್ಡಪ್ಪ ಎರಡೂ ಕೈ ಅಡ್ಡ ಹಿಡಿದು ನಿಂತುಬಿಟ್ಟ. "ರುಕೋ. ಖಾಲಿ ಮತ್ ಚಲಾವೋ."

ಖಾಲಿ ತೊಟ್ಟಿಲು ತೂಗಬಾರದೆಂಬುದು ನಮ್ಮ ಮನೆಗಳ ನೇಮ; ಕೂಸಿಗೆ ಒಳ್ಳೆಯದಲ್ಲವಂತೆ. ಹೆಸರಿಡುವ ದಿನವೂ ಕೂಸಿಗಿಂತ ಮೊದಲು, ರುಬ್ಬುವ ಗುಂಡಕಲ್ಲನ್ನು ತೊಳೆದು, ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ, ತೊಟ್ಟಿಲಲ್ಲಿ ಮಲಗಿಸುತ್ತೇವೆ. ತೊಟ್ಟಿಲಿನ ಕಾಯಿದೆ ಗಾಲಿಯ ಗಾಡಿಗೂ ಅನ್ವಯಿಸುತ್ತದೆಯೇ? ಈ ಸಂಶಯ ಯಾವ ಶಾಸ್ತ್ರಿಗಳಿಗೂ ಬಂದಿರಲಾರದು. ದೊಡ್ಡಪ್ಪನಿಗೆ ಬಂದಿತ್ತು, ಪರಿಹಾರವೂ ಚೀಲದಲ್ಲಿತ್ತು! ನಮ್ಮ ಅಡುಗೆಮನೆಯ ಗುಂಡಕಲ್ಲನ್ನೇ ಹೊರತೆಗೆದು, ಜರಿಯಂಚಿನ ಕುಂಚಿಗೆ ತೊಡಿಸಿ, ಸಣ್ಣ ಕೂಸಿಗೆಂದೇ ಮಾಡಿದ ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂರಿಸಿದ. ಮಗಳ ತೂಕಕ್ಕೆ ಸರಿಯಾಗಿ ಜೋಳದ ಗಂಟೊಂದನ್ನು ಹಿಂದಿನ ಸೀಟಿಗೆ ಇಟ್ಟ. ಆಮೇಲೆ ಗಂಭೀರವಾಗಿ ಅಂಗಡಿಯ ತುಂಬ ತಳ್ಳಿಕೊಂಡು ತಿರುಗಿದ.

ಅಲ್ಲೇ ಹಾಲಿನ ಬಾಟಲಿ ಆರಿಸುತ್ತಿದ್ದ ಹೆಂಗಸೊಬ್ಬಳು, "ಕಿತ್ಲೆಂ ಸೊಬೀತ್ ಬಾಳ್" ಎಷ್ಟು ಚೆಂದದ ಕೂಸು, ಎಂದು ಕೊಂಕಣಿಯಲ್ಲಿ ಮುದ್ದುಗರೆಯುತ್ತ ಬಾಗಿ ಕುಂಚಿಗೆ ಸರಿಸಿದಳು. ಅನಂತರ ತಲೆಯೆತ್ತಿ ನನ್ನ ಮುಖ ನೋಡಿದಳು. ಅಷ್ಟು ಕನಿಕರದಿಂದ ನನ್ನನ್ನು ಈವರೆಗೆ ಯಾರೂ ನೋಡಿಲ್ಲ.

ಗಾಡಿ ಚೆನ್ನಾಗಿ ಓಡಿತು. ತಿರುವಿನಲ್ಲಿ ತಿರುಗಿತು, ಬ್ರೇಕು ಹಾಕಿದಲ್ಲಿ ನಿಂತಿತು. ನಾನು ಇನ್ನೇನು ಮುಗಿಯಿತು ಎಂದುಕೊಂಡೆ. ದೊಡ್ಡಪ್ಪ ಜೋಳದ ಗಂಟಿನ ಪಕ್ಕ ಮೊಣಕಾಲೂರಿ, ಅದರ ಎತ್ತರಕ್ಕೆ ತನ್ನ ತಲೆ ತಂದು, ಮುಂದೆ ನೋಡಿದ. "ಹಿಂದ ಕುಂತಾಕಿಗೆ ಏನ ಕಾಣ್ತೈತಿ? ತಮ್ಮನ ಬೆನ್ನು. ಬ್ಯಾಡ."

"ದೊಡ್ಡಾಕಿ ಅಲ್ಲೇನು, ಸುಧಾರಿಸಿಕೋತಾಳ," ಎಂದೆ.

"ದೊಡ್ಡಾಕಿ ಅಂದ್ರ ಹಿಂದ ಅಂತ ಯಾರ ಹೇಳ್ಯಾರ?"

ಗುರುವಾರ ಇನ್ನೊಂದು ಅಂಗಡಿಯಲ್ಲಿ, ಕೂಸಿಗೆ ಸೀಟು, ದೊಡ್ಡ ಮಗು ಹಿಂದೆ ನಿಲ್ಲಲು ಪುಟ್ಟ ಹಲಗೆ ಇರುವ ಗಾಡಿ ತೋರಿಸಿದರು. "ನಮ್ಮ ಹುಡುಗಿ ಏನು ಬಸ್ ಕಂಡಕ್ಟರೇನು, ಜೋತು ನಿಂತು ಹೋಗಾಕ?" ಎಂದು ಹೊರಬಂದ. ಶುಕ್ರವಾರ ಮೇಲೊಂದು ಕೆಳಗೊಂದು ಸೀಟಿನದು. ಕೆಳಗಿನ ಸೀಟು ಮಗಳಿಗೆ. "ಸಾಮಾನ ಇಡೂ ಜಾಗಾ ಅದು," ಎಂದ. ಪ್ರತಿ ಅಂಗಡಿಯಲ್ಲೂ ಗುಂಡಕಲ್ಲು ಏರಿತು, ಇಳಿಯಿತು. ಇತ್ತ ಮನೆಯಲ್ಲಿ ರುಬ್ಬಲು ಗುಂಡಿಲ್ಲದೆ ಅತ್ತೆ ಮೂರು ದಿನ ಚಟ್ನಿಪುಡಿಯಲ್ಲೇ ಕಾಲ ಹಾಕಿದರು. ಟ್ರಂಕು ಮಾತ್ರ ತುಂಬುತ್ತಲೇ ಇತ್ತು.

ಶನಿವಾರ ಮಡಗಾಂವದಲ್ಲಿ ಕೊನೆಗೂ ಅಕ್ಕಪಕ್ಕ ಎರಡು ಸೀಟಿನ ಗಾಡಿ ಸಿಕ್ಕಿತು. ದೊಡ್ಡಪ್ಪ ಎರಡೂ ಸೀಟಿನ ಮೇಲೆ ಅಡ್ಡವಾಗಿ ಲೆವೆಲ್ ಪಟ್ಟಿ ಇಟ್ಟ. ಗುಳ್ಳೆ ಸರಿಯಾಗಿ ನಡುವೆ ಬಂದು ನಿಂತಿತು. ಅವನ ಮುಖ ಅರಳಿತು. ಆಮೇಲೆ ಟೇಪು ಹಿಡಿದು ಅಗಲ ಅಳೆದ. ಮುಖ ಬಾಡಿತು. ನಮ್ಮ ಓಣಿಯಲ್ಲಿ ಎದುರುಮನೆಯ ಗದಗ ಕಡೆಯ ಬಾಯಿಯ ಕೆಂಪು ಚಿರೇಕಲ್ಲಿನ ಕಟ್ಟೆ ಮುಂದೆ ಚಾಚಿಕೊಂಡಿದೆ. ಅಲ್ಲಿ ಈ ಗಾಡಿ ನಾಲ್ಕು ಬೆರಳು ಹೆಚ್ಚಾಗುತ್ತಿತ್ತು. ಗಾಡಿಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಸ್ಸು ಹತ್ತಿದೆವು.

ಮನೆ ಮುಟ್ಟುವಾಗ ನನ್ನ ತಾಳ್ಮೆ ಮುಗಿದಿತ್ತು. "ದೊಡ್ಡಪ್ಪಾ, ನೀ ಗಾಡಿ ತರಾಕತ್ತೀಯೋ, ನನ್ನ ಮಗಳನ್ನ ಊರಿಗೆ ಕಳಸಾಕತ್ತೀಯೋ? ಹಿಂದ ಕುಂತಿದ್ರ ಏನಾಕ್ಕಿತ್ತು? ತಮ್ಮನ ಬೆನ್ನ ನೋಡಿದ್ರ ಏನ ಸಾಯ್ತಿದ್ಳೇನು? ನಾಳೆ ಬಸ್ ಐತಿ."

ದೊಡ್ಡಪ್ಪ ಟೇಪನ್ನು ಜೇಬಿಗೆ ಹಾಕಿಕೊಂಡು, ಗುಂಡಕಲ್ಲಿನ ಚೀಲ ಹೆಗಲಿಗೇರಿಸಿ ಹೊರಟುಹೋದ. ನನಗೆ ನನ್ನ ನಾಲಗೆಯ ಮೇಲೆ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಸುತ್ತಿಗೆಯ ಸದ್ದು ಕೇಳಿಸಿತು. ಬಾಗಿಲು ತೆರೆದರೆ ದೊಡ್ಡಪ್ಪ ಓಣಿಯಲ್ಲಿ ಕುಳಿತು ಚಾಣದಿಂದ ಎದುರುಮನೆಯ ಕಟ್ಟೆ ಒಡೆಯುತ್ತಿದ್ದಾನೆ! ಗದಗದ ಬಾಯಿ ಜಗಳಕ್ಕೆ ನಿಂತಿರಬಹುದೆಂದು ನೋಡಿದರೆ ಆಕೆ ಅವನಿಗೆ ಚಹಾ ಹಿಡಿದು ನಿಂತಿದ್ದಾಳೆ. ಕಟ್ಟೆಗೆ ಹೊಸದಾಗಿ ಕೆಂಪು ಪಾಲಿಶ್ ಮಾಡಿಕೊಡುವ ಮಾತಾಗಿತ್ತಂತೆ.

"ಗಾಡಿ ಸಣ್ಣದ ಮಾಡಾಕ ಬರೂದಿಲ್ಲ," ಎಂದ ದೊಡ್ಡಪ್ಪ, ನನ್ನತ್ತ ನೋಡದೆ. "ಓಣಿ ದೊಡ್ಡದ ಮಾಡಾಕ ಬರ್ತೈತಿ."

ಗೋಡೆಯ ಪಕ್ಕ ನಿಂತಿತ್ತು ಅಕ್ಕಪಕ್ಕದ ಸೀಟಿನ ಗಾಡಿ. ಹಿಂದಿನ ಸಂಜೆ ಮತ್ತೆ ಮಡಗಾಂವಕ್ಕೆ ಹೋಗಿ, ಅಂಗಡಿ ಮುಚ್ಚುವ ಮೊದಲು ತಂದಿದ್ದ. ಒಂದು ಸೀಟಿನಲ್ಲಿ ಗುಂಡಕಲ್ಲು, ಇನ್ನೊಂದರಲ್ಲಿ ಜೋಳದ ಗಂಟು ಇನ್ನೂ ಕುಳಿತಿದ್ದವು. ಅವೆರಡನ್ನೂ ಇಳಿಸಿ ಮಕ್ಕಳನ್ನು ಕೂರಿಸಿದೆವು.

ಅತ್ತೆ ಟ್ರಂಕು ಹಿಡಿದುಕೊಂಡೇ ಹೊಸಿಲಿಗೆ ಬಂದರು. ಗಾಡಿ ನೋಡಿದರು. ಮೆಚ್ಚಿಗೆಯಾಯಿತೆಂದು ಕಣ್ಣಲ್ಲೇ ತಿಳಿಯಿತು, ಆದರೂ ಅಂದರು: "ಚಲೋ ಐತ್ರಿ. ಆದ್ರ ಮಳಿಗಾಲದಾಗ ಏನ ಮಾಡ್ತಾಳ ಇಕಿ? ಎರಡ ವರ್ಷದ ಮಾತಲ್ಲೇನ್ರಿ ಬೀಗರ. ಅಲ್ಲೆ ಕೂಸಿಗೆ ಏನ ಕಡಿಮಿ ಮಾಡ್ತೇನಿ ನಾ?"

ದೊಡ್ಡಪ್ಪ ಒಡೆದ ಅಂಚಿಗೆ ಸಿಮೆಂಟು ಮೆತ್ತುತ್ತಲೇ ಹೇಳಿದ. "ಕಡಿಮಿ ಮಾಡೂದಿಲ್ಲ ನೀವು, ಖರೇ. ನನಗೂ ಏನೂ ಕಡಿಮಿ ಇರ್ಲಿಲ್ರಿ. ನಮ್ಮವ್ವ ಅಪ್ಪ ಬಂದರಿನ ಕೆಲಸಕ್ಕ ಇಲ್ಲಿಗೆ ಬಂದಾಗ ಸಣ್ಣಾಂವನ್ನ ಕಂಕುಳಾಗ ಎತ್ತಿಕೊಂಡು ಬಂದ್ರು. ನಾ ಇಕಿ ಅಷ್ಟ ಇದ್ದೆ. ಎರಡನೇ ಕೂಸು ಎತ್ತಾಕ ಕಂಕುಳ ಎಲ್ಲೈತಿ? ಅಜ್ಜಿ ಹಂತೇಕ ಬಿಟ್ರು. ಹಾಲಿತ್ತು, ಮಸರಿತ್ತು."

ಕಂಕುಳಲ್ಲಿ ಬಂದ ಆ ಸಣ್ಣವನು ನನ್ನ ಅಪ್ಪ. ದೊಡ್ಡಪ್ಪ ಊರಲ್ಲಿ ಬೆಳೆದನೆಂಬುದು ನನಗೆ ಗೊತ್ತಿತ್ತು. ಮುಂದಿನದನ್ನು ಅವನು ನಮ್ಮಪ್ಪನಿಗೂ ಹೇಳಿರಲಿಲ್ಲ.

"ಮೂರ ವರ್ಷದ ಮ್ಯಾಲ ಅವ್ವ ಊರಿಗೆ ಬಂದ್ಳು. ಬಾಗಲದಾಗ ಯಾರೋ ಹೆಣ್ಮಗಳು ನಿಂತಾಳ. ಮನಿಗೆ ಯಾರರ ದೊಡ್ಡವರ ಬಂದ್ರ ಹ್ಯಾಂಗ ಮಾತಾಡಬೇಕಂತ ಅಜ್ಜಿ ಚಲೋತ್ನಾಗಿ ಕಲಿಸಿದ್ಳು. ನಾ ಅಂದೆ, 'ಬರ್ರಿ. ಒಳಗ ಬರ್ರಿ. ಕುಂದರ್ರಿ.'"

ನಮ್ಮಲ್ಲಿ ಹೆತ್ತ ತಾಯಿಗೆ ಯಾವ ಮಗು 'ಬರ್ರಿ' ಅನ್ನುತ್ತದೆ? ಅವ್ವನಿಗೆ ಯಾವತ್ತೂ 'ಬಾ' ಎಂದೇ; 'ಬರ್ರಿ' ಹೊರಗಿನವರಿಗೆ.

"ಅವ್ವ ಅಲ್ಲೇ ಹೊಸ್ತಿಲದಾಗ ಕುಂತು ಅಳಾಕ ಹತ್ತಿದ್ಳು. ನಾ ಏನ ತಪ್ಪ ಮಾಡೇನಿ ಅಂತ ನನಗ ತಿಳೀಲಿಲ್ಲ. ನೀರ ತಂದು ಕೊಟ್ಟು, 'ಕುಡೀರಿ' ಅಂದೆ." ಕರಣೆಯಿಂದ ಸಿಮೆಂಟಿನ ಅಂಚನ್ನು ಒಮ್ಮೆ ಸವರಿದ. "ಅವ್ವ ಸಾಯೂತನ ಆಕಿಗೆ ನೀ ಅನ್ನಾಕ ನಾಲಿಗಿ ಹೊರಳಲಿಲ್ರಿ ಬೀಗರ."

ಅತ್ತೆ ಟ್ರಂಕನ್ನು ಅಲ್ಲೇ ಹೊಸಿಲ ಮೇಲೆ ಇಟ್ಟು, ಕೊಂಡಿ ತೆಗೆದು, ಫ್ರಾಕುಗಳನ್ನು ಒಂದೊಂದಾಗಿ ಎತ್ತಿ ನನ್ನ ತೋಳಿನ ಮೇಲೆ ಹಾಕತೊಡಗಿದರು. ಅಷ್ಟೂ ಫ್ರಾಕು ಹೊತ್ತು ನಾನು ಅಳುತ್ತಿದ್ದೆ.

ಗಾಡಿಯಲ್ಲಿ ಕುಳಿತ ಮಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಗಾಡಿ ಹೊರಡಲಿಲ್ಲವೆಂಬುದೇ ಅವಳ ಚಿಂತೆ. ಕಾಲು ಬಡಿಯುತ್ತ ಕೂಗಿದಳು: "ಏ ಅವ್ವಾ, ಬಾ. ಲಗೂ ಬಾ. ದಬ್ಬು."

"ಹೋಗವ್ವಾ," ಎಂದ ದೊಡ್ಡಪ್ಪ, "ಕರಿಯಾಕತ್ತಾಳ."

ನಾನು ಹೋದೆ.