ಬಸ್ಸು ಐದೂವರೆಗೇ ಯಾಕೆ ಹೊರಡುತ್ತೆ?

ಬಾಶೆಟ್ಟಿಹಳ್ಳಿಯ ಪ್ಲಾಸ್ಟಿಕ್ ಡಬ್ಬಿ ಕಾರ್ಖಾನೆಯಲ್ಲಿ ಕೆಲಸ ಮುಗಿಯುವುದು ಸಂಜೆ ಐದೂವರೆಗೆ. ಕುಂದಾಣದ ಕಡೆ ಹೋಗುವ ಕಂಪನಿ ಬಸ್ಸು ಹೊರಡುವುದೂ ಐದೂವರೆಗೆ. ನಡುವೆ ಗೇಟಿನ ಬಳಿ ಬ್ಯಾಗು ತಪಾಸಣೆಯ ಸಾಲೊಂದಿದೆ ಎಂಬುದು ಬಸ್ಸಿನ ಸಮಯ ಗೊತ್ತುಮಾಡಿದವರಿಗೆ ಹೊಳೆದಿರಲಿಲ್ಲ. ಕಾಲಲ್ಲಿ ಕಸುವಿದ್ದ ಹುಡುಗಿಯರು ದುಪಟ್ಟಾ ಸೊಂಟಕ್ಕೆ ಬಿಗಿದು ಓಡಿ ಹತ್ತಿಕೊಳ್ಳುತ್ತಿದ್ದರು. ಪ್ಯಾಕಿಂಗ್ ವಿಭಾಗದ ರಂಜಿತಳಿಗೆ ನಲವತ್ತಮೂರು. ಅವಳು ವಾರದಲ್ಲಿ ನಾಲ್ಕು ದಿನ ಬಸ್ಸಿನ ಹಿಂಭಾಗವನ್ನಷ್ಟೇ ನೋಡುತ್ತಿದ್ದಳು.

ಬಸ್ಸು ಸಿಕ್ಕರೆ ಆರೂಕಾಲಿಗೆ ಮನೆ. ಅತ್ತೆ ಮುನಿವೆಂಕಟಮ್ಮ ಆ ಹೊತ್ತಿನಲ್ಲಿ ಪಕ್ಕದ ಮನೆಯ ಜಗಲಿಯಲ್ಲಿರುತ್ತಿದ್ದರು. ಗಂಡ ಮುನೀಂದ್ರ ಬರುವುದು ಏಳರ ಮೇಲೆ. ಆ ಮುಕ್ಕಾಲು ಗಂಟೆ ಮನೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ರಂಜಿತ ಅಷ್ಟು ಹೊತ್ತೂ ಏನನ್ನೂ ಮಾಡದೆ ಹಿತ್ತಲ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದಕ್ಕೂ ಒಂದು ಕೆಲಸ ಹಚ್ಚುತ್ತಾರೆಂದು ಗೊತ್ತಿತ್ತು.

ಆ ದಿನ ಪುಣೆಯಿಂದ ಡೈರೆಕ್ಟರ್ ಬರುವವರಿದ್ದರು. ಅವರಿಗೆ ಕನ್ನಡ ಬಾರದು. ಪ್ರತಿ ವಿಭಾಗದಿಂದ ಒಬ್ಬರು ಎದ್ದು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಬೇಕೆಂದು ಎಚ್‌ಆರ್ ಸುನಿಲ್‌ಕುಮಾರ್ ಅಪ್ಪಣೆ ಮಾಡಿದ್ದರು. ಯಾರು ಕೇಳಬೇಕೆಂದು ಪ್ಯಾಕಿಂಗಿನವರು ತೀರ್ಮಾನಿಸಿದ ದಿನ ರಂಜಿತ ರಜೆಯಲ್ಲಿದ್ದಳು. ಹಾಗಾಗಿ ಸರ್ವಾನುಮತದಿಂದ ಅವಳೇ ಆಯ್ಕೆಯಾದಳು. ಮೊದಲು ಹೆದರಿದಳು. ಆಮೇಲೆ, ಕೇಳುವುದೇ ಆದರೆ ಬಸ್ಸಿನ ವಿಷಯವನ್ನೇ ಕೇಳಿಬಿಡೋಣ ಎಂದುಕೊಂಡಳು.

ಬೆಳಿಗ್ಗೆ ಬರುತ್ತಲೇ ಪ್ರಶ್ನೆ ಬರೆದುಕೊಂಡಿದ್ದ ಚೀಟಿಯನ್ನು ಕ್ವಾಲಿಟಿ ವಿಭಾಗದ ತಾಹಿರಾಗೆ ತೋರಿಸಿದಳು. ತಾಹಿರಾ ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಬಿ.ಎ. ಮಾಡಿದ್ದಳು.

“‘ವೈ ದಿ ಬಸ್ ಈಸ್ ಲೀವಿಂಗ್’ ಅಂತ ಬರ್ದಿದೀರಲ್ಲ ಅಕ್ಕ, ತಪ್ಪು. ‘ವೈ ಡಸ್ ದಿ ಬಸ್ ಲೀವ್’ ಅನ್ಬೇಕು.”

“ಈ ಡಸ್ ಅನ್ನೋನು ಯಾರೇ? ಬಸ್ಸಿಗೂ ಅವ್ನಿಗೂ ಏನೇ ಸಂಬಂಧ?”

“ಏನೂ ಇಲ್ಲ. ನಿಶ್ಚಿತಾರ್ಥದಲ್ಲಿ ಮುಂದೆ ಕೂತ್ಕೊಳ್ಳೋ ದೊಡ್ಡಪ್ಪ ಇದ್ದಂಗೆ. ಕೆಲ್ಸ ಏನೂ ಮಾಡಲ್ಲ. ಆದ್ರೆ ಅವ್ರಿಲ್ದೆ ಮಾತು ಶುರು ಆಗಲ್ಲ.”

ರಂಜಿತಳಿಗೆ ಇದು ಕೂಡಲೇ ಅರ್ಥವಾಯಿತು. ಅಂಥ ದೊಡ್ಡಪ್ಪಂದಿರು ಅವಳ ತವರಿನಲ್ಲಿ ಮೂವರಿದ್ದರು.

ಟೀ ಹೊತ್ತಿಗೆ ಸೂಪರ್‌ವೈಸರ್ ವಸಂತ್ ಚೀಟಿ ಕಸಿದುಕೊಂಡ. “ವೈ ಅಂತೀರಾ? ದೊಡ್ಡೋರನ್ನ ಯಾಕೆ ಅಂತ ಕೇಳಂಗಿಲ್ಲ ಕಣ್ರೀ. ಜಗಳಕ್ಕೆ ಹೋದಂಗಿರುತ್ತೆ. ಮುಂದುಗಡೆ ‘ಮೇ ಐ ನೋ’ ಹಾಕಿ.”

ಹಾಕಿದಳು. ಊಟದ ಹೊತ್ತಿಗೆ ತಾಹಿರಾ ಅದನ್ನೋದಿ, “ಹಂಗಾದ್ರೆ ಡಸ್ ತೆಗೀರಿ” ಎಂದಳು.

“ಬೆಳಿಗ್ಗೆ ತಾನೇ ಕೂರಿಸ್ದೆ, ಈಗ ಎಬ್ಬಿಸ್ಬೇಕಾ?”

“‘ಮೇ ಐ ನೋ’ ಬಂದ್ಮೇಲೆ ದೊಡ್ಡಪ್ಪಂಗೆ ಜಾಗ ಇಲ್ಲ ಅಕ್ಕ.”

ಅಷ್ಟರಲ್ಲಿ ಸುದ್ದಿ ಹರಡಿತ್ತು. ಸೆಕ್ಯುರಿಟಿ ಬೀರೇಶ್ ಬಂದು, “ರಂಜಿತಮ್ಮ, ಹಂಗೇ ಕ್ಯಾಂಟೀನ್ ಚಟ್ನಿ ನೀರಾಗೈತೆ ಅಂತಾನೂ ಸೇರಿಸ್ಬಿಡಿ” ಎಂದ. ಯಾರೋ ಫ್ಯಾನು ಎಂದರು, ಯಾರೋ ಬೋನಸ್ಸು ಎಂದರು. ಎರಡು ಗಂಟೆಯ ಹೊತ್ತಿಗೆ ಪ್ರಶ್ನೆಯ ಫುಟ್‌ಬೋರ್ಡಿನಲ್ಲೂ ಜನ ನೇತಾಡುತ್ತಿದ್ದರು.

ಮೂರು ಗಂಟೆಗೆ ಚೀಟಿ ಸುನಿಲ್‌ಕುಮಾರ್ ಕೈಗೆ ಸಿಕ್ಕಿತು. ಓದಿ ಬೆವರು ಒರೆಸಿಕೊಂಡರು. “ಬಸ್ಸು ಗಿಸ್ಸು ಏನೂ ಬೇಡಮ್ಮ. ಇದನ್ನ ಕೇಳಿ” ಎಂದು ಟೈಪು ಮಾಡಿದ ಬೇರೊಂದು ಚೀಟಿ ಕೊಟ್ಟರು. ‘ಸರ್, ತಮ್ಮ ಯಶಸ್ಸಿನ ಗುಟ್ಟೇನು?’ ಎಂದು ಅದರಲ್ಲಿ ಇಂಗ್ಲಿಷಿನಲ್ಲಿತ್ತು.

“ಇದ್ರಿಂದ ನಂಗೇನು ಉಪಯೋಗ ಸಾರ್?”

“ಪ್ರಶ್ನೆ ಕೇಳೋದು ಉಪಯೋಗಕ್ಕಲ್ಲಮ್ಮ, ಕಾರ್ಯಕ್ರಮಕ್ಕೆ.”

ನಾಲ್ಕೂವರೆಗೆ ಸಭೆ. ಮೋಲ್ಡಿಂಗ್ ವಿಭಾಗದವನು ಎದ್ದು ಯಶಸ್ಸಿನ ಗುಟ್ಟು ಕೇಳಿದ. ಡೈರೆಕ್ಟರ್ ಹತ್ತು ನಿಮಿಷ ಹೇಳಿದರು. ಸ್ಟೋರ್ಸಿನವನು ಎದ್ದು ಅದನ್ನೇ ಕೇಳಿದ. ಸುನಿಲ್‌ಕುಮಾರ್ ಎಲ್ಲರಿಗೂ ಒಂದೇ ಚೀಟಿ ಹಂಚಿದ್ದರು. ಡೈರೆಕ್ಟರ್ ಎರಡು ನಿಮಿಷದಲ್ಲಿ ಮುಗಿಸಿದರು. ಡಿಸ್ಪ್ಯಾಚಿನವನಿಗೆ ಕೈಮುಗಿದು ಸುಮ್ಮನಾದರು. ನಾಲ್ಕನೆಯವಳು ರಂಜಿತ. ಮೈಕು ಕೈಗೆ ಬಂದಾಗ ಗೋಡೆ ಗಡಿಯಾರದಲ್ಲಿ ಐದು ಗಂಟೆ. ಇವತ್ತೂ ಬಸ್ಸು ಸಿಗುವುದಿಲ್ಲ ಎನ್ನಿಸಿತು. ಕೊಟ್ಟಿದ್ದ ಚೀಟಿ ಮಡಿಚಿಬಿಟ್ಟಳು.

“ಸರ್, ವೈ ಡಸ್ ದಿ ಬಸ್ ಲೀವ್ ಅಟ್ ಫೈವ್ ಥರ್ಟಿ?”

ಸುನಿಲ್‌ಕುಮಾರ್ ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದರು. ಡೈರೆಕ್ಟರ್ ಮಾತ್ರ ನಿದ್ದೆಯಿಂದ ಎದ್ದವರಂತೆ ನೆಟ್ಟಗೆ ಕೂತರು. ಕೆಲಸ ಮುಗಿಯುವುದೆಷ್ಟಕ್ಕೆ, ತಪಾಸಣೆಗೆಷ್ಟು ಹೊತ್ತು ಎಂದು ಸುನಿಲ್‌ಕುಮಾರ್ ಅವರನ್ನು ವಿಚಾರಿಸಿದರು. ಇವತ್ತಿನಿಂದಲೇ ಬಸ್ಸು ಐದೂಮುಕ್ಕಾಲಿಗೆ ಹೊರಡಲಿ ಎಂದರು. ಚಪ್ಪಾಳೆಯ ನಡುವೆ ತಾಹಿರಾ ಶಿಳ್ಳೆ ಹಾಕಿದ್ದು ಎಲ್ಲರಿಗೂ ಕೇಳಿಸಿತು. ರಂಜಿತಳ ಮನಸ್ಸು ಆಗಲೇ ಹಿತ್ತಲ ಮೆಟ್ಟಿಲ ಮೇಲೆ ಕೂತಿತ್ತು.

ಡೈರೆಕ್ಟರ್ ಅವಳತ್ತ ಕೈತೋರಿ ಏನೋ ಹೇಳಿದರು. ಸುನಿಲ್‌ಕುಮಾರ್ ಹಲ್ಲು ಬಿಟ್ಟುಕೊಂಡು ಬಂದರು.

“ನಿಮ್ಮ ಅದೃಷ್ಟ ಖುಲಾಯಿಸ್ತು ಕಣಮ್ಮ! ಇಷ್ಟು ಚೆನ್ನಾಗಿ ಪ್ರಶ್ನೆ ಕೇಳೋರು ಪ್ಯಾಕಿಂಗಲ್ಲಿ ಏನ್ಮಾಡ್ತಿದಾರೆ ಅಂದ್ರು. ಶಿಲ್ಪ ಹೆರಿಗೆ ರಜೆಗೆ ಹೋದಾಗಿಂದ ರಿಸೆಪ್ಷನ್ ಖಾಲಿ ಬಿದ್ದಿದೆ. ಈಗಿಂದೀಗ್ಲೇ ನೀವು ಅಲ್ಲಿ ಕೂರ್ಬೇಕಂತೆ.”

“ಅಲ್ಲಿ ಸಂಜೆ ಎಷ್ಟೊತ್ತಿನ್ತನಕ ಸಾರ್?”

“ಏಳು ಗಂಟೆ. ಯೋಚ್ನೆ ಮಾಡ್ಬೇಡಿ, ಆಮೇಲೆ ಜೀಪಲ್ಲಿ ಮನೆ ಬಾಗಿಲಿಗೇ ಬಿಡಿಸ್ತೀವಿ.”

“ಬೇಡ ಅಂದ್ರೆ?”

“ಡೈರೆಕ್ಟರೇ ಹೇಳಿರೋದು. ಅಲ್ಲೇ ನಿಂತವ್ರೆ ನೋಡಿ, ಬೇಡ ಅಂತ ನೀವೇ ಇಂಗ್ಲಿಷಲ್ಲಿ ಹೇಳ್ಬಿಡಿ.”

ರಂಜಿತ ಬೆಳಗಿನಿಂದ ಕಲಿತದ್ದು ಕೇಳುವುದನ್ನಷ್ಟೇ. ಬೇಡ ಎನ್ನುವುದನ್ನು ಕಲಿಯಲು ಪುರಸೊತ್ತಾಗಿರಲಿಲ್ಲ.

ಐದೂವರೆ ದಾಟಿದಾಗ ಅವಳು ರಿಸೆಪ್ಷನ್ನಿನ ಗಾಜಿನ ಹಿಂದೆ ಕೂತಿದ್ದಳು. ಹೊರಗೆ ಬಸ್ಸು ನಿಂತಿತ್ತು. ಹೆಂಗಸರು ಹರಟುತ್ತ ನಿಧಾನವಾಗಿ ನಡೆದು ಬಂದು ಹತ್ತುತ್ತಿದ್ದರು. ಓಡುವವರು ಒಬ್ಬರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮೊಬೈಲು ಬಡಿದುಕೊಂಡಿತು. ತಾಹಿರಾ.

“ಅಕ್ಕ, ಎಲ್ಲಾರೂ ಹತ್ತಿದ್ದಾಯ್ತು. ಇನ್ನೂ ಐದು ನಿಮಿಷ ನಿಲ್ಲಿಸ್ಬೇಕಂತೆ. ಡ್ರೈವರ್ ಬೈಕೊಂತಿದಾನೆ, ಇನ್ನ ಯಾರಿಗೋಸ್ಕರ ಕಾಯ್ತಿರೋದು ಅಂತ.”

“ನಂಗೋಸ್ಕರ ಕಣೆ” ಎಂದಳು ರಂಜಿತ.

ಬಸ್ಸು ಅವಳಿಗಾಗಿ ಪೂರ್ತಿ ಐದು ನಿಮಿಷ ಕಾದು ನಿಂತಿತು. ಆಮೇಲೆ ಹೊರಟಿತು.