ತುರ್ತಲ್ಲದ ಬೆಂಕಿ

ಇಮೇಲ್ ಎಂಬ ಮಹಾಪೂರಕ್ಕೆ ಅಣೆಕಟ್ಟು ಕಟ್ಟಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟದ್ದು ನಮ್ಮ ಕಟ್ಟಡದ ನಿವಾಸಿಗಳ ಸಂಘದ ದೆಸೆಯಿಂದ. ಸಂಘಕ್ಕೊಂದು ಮೇಲಿಂಗ್ ಲಿಸ್ಟ್ ಇದೆ. ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತದೆ. ಎರಡನೆಯ ಮಹಡಿಯವರ ನಾಯಿ ಬೊಗಳಿದರೆ ಆರನೆಯ ಮಹಡಿಯಲ್ಲಿರುವ ನನ್ನ ಫೋನು ಕುಂಯ್‌ಗುಟ್ಟುತ್ತದೆ. ಮನೆಯಲ್ಲೇ ಕುಳಿತು ಪತ್ರಿಕೆಗೆ ಬರೆಯುವ ನನಗೆ ಸಾಕುಸಾಕಾಯಿತು.

ಸಂಘದ ಸಭೆಯಲ್ಲಿ ಎದ್ದು ನಿಂತು, ಸಂವಿಧಾನ ರಚಿಸುವವನ ಗತ್ತಿನಲ್ಲಿ ನಿಯಮ ಮಂಡಿಸಿದೆ. ಪ್ರತಿ ಮೇಲ್‌ನ ವಿಷಯದ ಸಾಲು ಚೌಕ ಆವರಣದೊಳಗಿನ ಒಂದು ಪದದಿಂದಲೇ ಶುರುವಾಗಬೇಕು. ನಾಯಿಯ ಜಗಳಕ್ಕೆ 'ನಾಯಿ', ಗಾಡಿ ನಿಲ್ಲಿಸುವ ಜಗಳಕ್ಕೆ 'ಪಾರ್ಕಿಂಗ್', ನಿಜಕ್ಕೂ ಅಪಾಯವಿದ್ದರೆ ಮಾತ್ರ 'ತುರ್ತು'. ಯಾರಿಗೆ ಏನು ಬೇಕೋ ಅದನ್ನಷ್ಟೇ ಅವರು ಸೋಸಿಕೊಳ್ಳಬಹುದು.

ಕಾರ್ಯದರ್ಶಿ ನಿವೃತ್ತ ಲೆಕ್ಕಪರಿಶೋಧಕರು. ಒಂದಕ್ಷರ ಬಿಡದೆ ಬರೆದುಕೊಂಡರು. "ತುರ್ತು ಅಂದ್ರೆ ನಿಜವಾದ ಅಪಾಯ. ಬೇರೆ ಯಾವುದಕ್ಕೂ ಹಾಕೋ ಹಾಗಿಲ್ಲ. ಹೌದಲ್ವಾ?"

"ಖಂಡಿತ ಹಾಕಬಾರದು," ಎಂದೆ.

ಮನೆಗೆ ಬಂದವನೇ, 'ತುರ್ತು' ಒಂದನ್ನು ಬಿಟ್ಟು ಮಿಕ್ಕೆಲ್ಲವೂ ತಾವಾಗಿಯೇ ಒಂದು ಫೋಲ್ಡರಿಗೆ ಹೋಗಿ ಬೀಳುವಂತೆ ಮಾಡಿದೆ. ಆ ಫೋಲ್ಡರನ್ನು ತೆರೆಯುವ ಉದ್ದೇಶ ನನಗೆ ಎಳ್ಳಷ್ಟೂ ಇರಲಿಲ್ಲ. ಅಷ್ಟಕ್ಕೇ ನಿಲ್ಲದೆ, ಊಟದ ಮೇಜಿನಲ್ಲೂ ಸಂಘದ ಸುದ್ದಿ ಎತ್ತಕೂಡದೆಂದು ಹೆಂಡತಿಗೂ, ನಮ್ಮೊಂದಿಗೇ ಇರುವ ಅತ್ತೆಗೂ ಅಪ್ಪಣೆ ಹೊರಡಿಸಿದೆ.

"ಮುಖ್ಯವಾದದ್ದೇ ಇದ್ರೆ?" ಎಂದಳು ಹೆಂಡತಿ.

"ಮೇಲ್ ಬರುತ್ತಲ್ಲ."

"ಆಯ್ತು ಬಿಡಿ, ನಾವು ಬಾಯೇ ಬಿಡಲ್ಲ," ಎಂದರು ಅತ್ತೆ.

ಕೆಲವು ವಾರ ನನ್ನ ಇನ್‌ಬಾಕ್ಸು ಆಗತಾನೆ ಗುಡಿಸಿದ ಅಂಗಳದಂತೆ ಲಕಲಕಿಸಿತು. ಒಂದು ಮಧ್ಯಾಹ್ನ, ಹೆಂಡತಿ ಕಚೇರಿಯಲ್ಲಿದ್ದಾಗ, ಕಟ್ಟಡದ ಅಲಾರಂ ಕೂಗಿಕೊಂಡಿತು. ಬಾಗಿಲ ಕೆಳಗಿನ ಸಂದಿನಿಂದ ಬಿಳಿ ಹೊಗೆ ಒಳಕ್ಕೆ ತೆವಳುತ್ತಿತ್ತು. ಹೊರಗೆ ಯಾರೋ ಓಡಿದ ಸದ್ದು. ಆಮೇಲೆ ಸದ್ದೇ ಇಲ್ಲ. ಫೋನು ನೋಡಿದೆ. 'ತುರ್ತು' ಇರಲಿಲ್ಲ. ಮೇಲ್ ಕಳಿಸುವುದಕ್ಕೂ ಯಾರೂ ಉಳಿದಿಲ್ಲವೇನೋ ಎನಿಸಿತು.

ಅತ್ತೆಯ ಕೋಣೆಗೆ ಓಡಿದೆ. ಅವರು ಮಂಚದ ಪಕ್ಕ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಕನ್ನಡಕ ಮಾತ್ರ ಜೋಪಾನವಾಗಿ ಮೇಜಿನ ಮೇಲಿತ್ತು. ಕರೆದೆ, ಭುಜ ಅಲುಗಿಸಿದೆ, ಮುಖಕ್ಕೆ ಒಂದು ಚೆಂಬು ನೀರು ಎರಚಿದೆ. ರೆಪ್ಪೆ ಒಮ್ಮೆ ಅದುರಿತು, ಅಷ್ಟೇ. ಇನ್ನೂ ಜೀವ ಇದೆ. ಎಷ್ಟು ಹೊತ್ತು ಇರುತ್ತದೋ. ಇವರಿಗೇನಾದರೂ ಆದರೆ ಹೆಂಡತಿಗೆ ಯಾವ ಮುಖ ತೋರಿಸಲಿ?

ಒದ್ದೆ ಹೊದಿಕೆಯಲ್ಲಿ ಸುತ್ತಿ ಅವರನ್ನು ಹೆಗಲಿಗೇರಿಸಿದೆ. ತೂಕದಲ್ಲಿ ಅತ್ತೆ ನನಗೆ ಸರಿಸಮ. ಮೆಟ್ಟಿಲ ತುಂಬ ಹೊಗೆ. ಮುಂದಿನ ಹೆಜ್ಜೆ ಎಲ್ಲಿಡುತ್ತಿದ್ದೇನೆ ಎನ್ನುವುದೇ ಕಾಣದು. ಒಂದು ತಿರುವಿನಲ್ಲಿ ಅವರ ತಲೆ ಕಂಬಿಗೆ ಬಡಿದಾಗ "ಅಯ್ಯೋ" ಎಂಬ ಕ್ಷೀಣ ದನಿ ಕೇಳಿಸಿತು. ಪ್ರಾಣ ಹೋಗುವಾಗಿನ ದನಿಯೆಂದು ತಿಳಿದು ಅಳುತ್ತಲೇ ಇಳಿದೆ.

ಕೆಳಗೆ ಅಂಗಳದಲ್ಲಿ ಇಡೀ ಕಟ್ಟಡವೇ ಸಾಲಾಗಿ ನಿಂತಿತ್ತು. ಕಾರ್ಯದರ್ಶಿಯ ಕೈಯಲ್ಲಿ ಸ್ಟಾಪ್‌ವಾಚ್. ಮೆಟ್ಟಿಲ ಬುಡದಲ್ಲಿ ನಾಟಕದವರಿಂದ ಬಾಡಿಗೆಗೆ ತಂದ ಹೊಗೆಯ ಯಂತ್ರ. ಅಗ್ನಿಶಾಮಕ ದಳದ ಇಬ್ಬರು ಖಾಲಿ ಸ್ಟ್ರೆಚರ್ ಹಿಡಿದು ಆಗಷ್ಟೇ ಮೇಲಕ್ಕೆ ಹೊರಟಿದ್ದರು.

"ಇವರನ್ನ ನಾವು ತರಬೇಕಿತ್ತಲ್ಲ ಸಾರ್," ಎಂದ ಅವರಲ್ಲೊಬ್ಬ, ಬೇಸರದಿಂದ.

ಅತ್ತೆ ಕಣ್ಣು ಬಿಟ್ಟರು. "ಪ್ರಜ್ಞೆ ತಪ್ಪಿದವರ ಪಾತ್ರ ನಂದು. ಸ್ಟ್ರೆಚರ್ ಬರೋ ತನಕ ಪಿಟಕ್ ಅನ್ನಬಾರದು ಅಂದಿದ್ರು. ನೀವ್ಯಾಕೆ ನೀರು ಎರಚಿದ್ರಿ?"

"ನನಗೆ ಮೇಲ್ ಬರಲೇ ಇಲ್ಲ," ಎಂದೆ, ಅವರನ್ನು ಕೆಳಗಿಳಿಸುತ್ತಾ.

"ನಾಲ್ಕು ಸಲ ಬಂದಿದೆ," ಎಂದರು ಕಾರ್ಯದರ್ಶಿ. "ಅಣಕು ಕಾರ್ಯಾಚರಣೆಗೆ 'ಅಣಕು' ಅಂತಲೇ ಹಾಕಿದ್ವಿ. ಅಣಕು ಬೆಂಕಿ ನಿಜವಾದ ಅಪಾಯ ಅಲ್ವಲ್ಲ. ನಿಮ್ಮದೇ ನಿಯಮ."

ಅಷ್ಟರಲ್ಲಿ ಹೆಂಡತಿಯ ಫೋನು. ಅತ್ತೆಯನ್ನು ಹೊತ್ತ ನನ್ನ ಚಿತ್ರ ಆಗಲೇ ಲಿಸ್ಟ್‌ಗೆ ಹೋಗಿತ್ತು.

"ರೀ, ಅಮ್ಮನ್ನ ಯಾಕೆ ಮೂಟೆ ಥರ ಹೊತ್ಕೊಂಡಿದ್ದೀರಿ?"

"ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಯಾವಾಗ ಹೇಳಲಿ? ಊಟಕ್ಕೆ ಕೂತಾಗ ಹೇಳೋ ಹಾಗಿರಲಿಲ್ವಲ್ಲ."

ಕಾರ್ಯದರ್ಶಿ ಮುಂದಿನ ಅಣಕಿಗೆ ಹೆಸರು ಬರೆದುಕೊಳ್ಳತೊಡಗಿದರು. "ಪ್ರಜ್ಞೆ ತಪ್ಪಿದವರ ಪಾತ್ರಕ್ಕೆ ಯಾರಿದ್ದೀರಿ?"

ಅತ್ತೆ ತಲೆಯ ಬುಗುಟು ಸವರಿಕೊಳ್ಳುತ್ತಾ ನನ್ನನ್ನೊಮ್ಮೆ ನೋಡಿದರು.

"ನಮ್ಮ ಅಳಿಯಂದಿರನ್ನೇ ಹಾಕ್ಕೊಳ್ಳಿ," ಎಂದರು. "ಕಟ್ಟಡದಲ್ಲಿ ಏನು ನಡೆದ್ರೂ ಗೊತ್ತಾಗದ ಹಾಗೆ ಇರೋದು ಅವರಿಗೆ ಆಗಲೇ ರೂಢಿ."