ದೊಡ್ಡಪ್ಪನ ಟವೆಲ್ ವ್ಯಾಪಾರ

ನಮ್ಮ ದೊಡ್ಡಪ್ಪ ಜೀವನದಲ್ಲಿ ಒಮ್ಮೆಯೂ ಬಾಯಿ ಬಿಟ್ಟು ಚೌಕಾಸಿ ಮಾಡಿದವರಲ್ಲ ಎಂದರೆ ನೀವು ಅವರನ್ನು ಎಂಥ ಸಾಧು ಮನುಷ್ಯ ಎಂದುಕೊಳ್ಳುತ್ತೀರಿ. ಸ್ವಲ್ಪ ತಡೆಯಿರಿ! ಅವರು ಬಾಯಲ್ಲಿ ಚೌಕಾಸಿ ಮಾಡುತ್ತಿರಲಿಲ್ಲ, ಅಷ್ಟೇ. ಟವೆಲಿನ ಕೆಳಗೆ ಮಾಡುತ್ತಿದ್ದರು.

ದಾವಣಗೆರೆಯ ಮಂಡಿಯಲ್ಲಿ ಅವರದು ಮೆಕ್ಕೆಜೋಳದ ದಲಾಲಿ. ಅಲ್ಲಿ ಹಳಬರ ರೂಢಿ ಏನೆಂದರೆ, ಮಾರುವವರ ಕಡೆಯವರೂ ಕೊಳ್ಳುವವರೂ ರಾಶಿಯ ಮುಂದೆ ಕೈ ಕೈ ಹಿಡಿದು, ಮೇಲೊಂದು ಟವೆಲ್ ಹೊದಿಸಿಕೊಳ್ಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಅದುಮಿದರೆ ಐದು. ಸುತ್ತ ನಿಂತ ಜನಕ್ಕೆ ಟವೆಲ್ ಅಲುಗಾಡುವುದು ಬಿಟ್ಟು ಬೇರೇನೂ ಕಾಣುವುದಿಲ್ಲ. ಮೂವತ್ತು ವರ್ಷ ಇದನ್ನೇ ಮಾಡಿದ ದೊಡ್ಡಪ್ಪನಿಗೆ ಬಾಯಿಂದ ಲೆಕ್ಕ ಹೇಳುವುದೇ ಮರೆತುಹೋಗಿತ್ತು. ಇನ್ನೊಂದು ಮಾತು: ಕುದುರಿದ ಮೇಲೆ ಕುದುರಿದಷ್ಟೇ. ಆ ಮೂವತ್ತು ವರ್ಷದಲ್ಲಿ ಅವರು ಯಾರಿಗೂ ಒಂದು ಹಿಡಿ ಕಾಳು ಕೊಸರು ಕೊಟ್ಟವರಲ್ಲ!

ಮಂಡಿಯಲ್ಲಿ ಮಾಡಿದರೆ ಸರಿ. ಆಸ್ಪತ್ರೆಯಲ್ಲೂ ಮಾಡಿದರೆ? ಡಾಕ್ಟರು ಬಿ.ಪಿ. ನೋಡಿ ದಿನಕ್ಕೆ ಮೂರು ಗುಳಿಗೆ ಎಂದದ್ದೇ ತಡ, ದೊಡ್ಡಪ್ಪ ಹೆಗಲ ಮೇಲಿನ ಟವೆಲನ್ನು ಡಾಕ್ಟರ ಕೈ ಮೇಲೆ ಹಾಕಿಯೇಬಿಟ್ಟರು. ಒಳಗೆ ಅವರ ಒಂದು ಬೆರಳು ಹಿಡಿದರು. ಮುದುಕರು ಗಾಬರಿಯಾಗಿರಬೇಕೆಂದು ಡಾಕ್ಟರು ಸುಮ್ಮನೆ ಕೂತರು. ದೊಡ್ಡಪ್ಪ ಮನೆಗೆ ಬಂದು, "ಪಾಪ, ಒಳ್ಳೆ ಡಾಕ್ಟ್ರು. ಒಂದಕ್ಕ ಒಪ್ಪಿದ್ರು" ಎಂದರು! ದೊಡ್ಡಮ್ಮ ಮಾತ್ರ ಟವೆಲ್ ಕಂಡರೆ ಕೈಯನ್ನು ಸೆರಗಿನೊಳಗೆ ಸೇರಿಸುತ್ತಿದ್ದರು. "ಎರಡು ಮಿರ್ಚಿ ಅಂದ್ರೆ ಎರಡೇ ರೀ. ನಿಮ್ಮ ಮಂಡಿ ಅಡುಗೆ ಮನ್ಯಾಗ ಬ್ಯಾಡ." ಮನೆಗೆ ಹೊಸದಾಗಿ ಬಂದ ಫೋನನ್ನಂತೂ ದೊಡ್ಡಪ್ಪ ಮುಟ್ಟುತ್ತಲೇ ಇರಲಿಲ್ಲ. ಬೆರಳು ಸಿಗದ ಕಡೆ ಏನು ಮಾತಾಡುವುದು?

ಟವೆಲಿನ ಆ ಕಡೆಯ ಕೈ ಯಾರದೆಂದು ಹೇಳಬೇಕಲ್ಲ. ಅದು ದೊಡ್ಡಪ್ಪನ ಗೆಳೆಯರದು. ನಾವು ಮಕ್ಕಳು ಅವರನ್ನು ಜೋಳದ ಮಾಮ ಎನ್ನುತ್ತಿದ್ದೆವು. ಮಂಡಿಯಲ್ಲಿ ಇವರು ಮಾರುವ ಕಡೆ, ಅವರು ಕೊಳ್ಳುವ ಕಡೆ. ಬೆಳಗ್ಗೆಯೆಲ್ಲ ಬೆರಳು ತಿರುಚಿಕೊಂಡು, ಸಂಜೆ ಒಂದೇ ಪ್ಲೇಟಿನ ಮಂಡಕ್ಕಿಗೆ ಕೈ ಹಾಕುವ ಜೀವದ ಗೆಳೆಯರು. ಅಂಥ ಮಾಮ ಒಂದು ದಿನ ಇದ್ದಕ್ಕಿದ್ದಂತೆ ವ್ಯಾಪಾರ ಮುಗಿಸಿ, ಸರಿಯಾಗಿ ಒಂದು ಮಾತೂ ಹೇಳದೆ, ಹರಿಹರದಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಹರಿಹರ ಎಲ್ಲಿದೆ? ಬಸ್ಸು ಹತ್ತಿ ಸಣ್ಣದೊಂದು ನಿದ್ದೆ ತೆಗೆಯುವಷ್ಟರಲ್ಲಿ ಬರುತ್ತದೆ. ಆದರೆ ದೊಡ್ಡಪ್ಪನ ಪಾಲಿಗೆ ಅದು ವಿದೇಶವಾಯಿತು. "ಬಿಟ್ಟು ಹೋದಾವ ಅವ್ನು. ಅವ್ನೇ ಬರ್ಲಿ" ಎಂದು ಒಂದು ವರ್ಷ ಬಿಗುಮಾನದಲ್ಲಿ ಕೂತರು. ಸಂಜೆಯ ಮಂಡಕ್ಕಿ ಬಿಟ್ಟರು. ಟವೆಲ್ ಹಾಕಿದರೆ ಸರಿಯಾಗಿ ತಿರುಗಿ ಅದುಮುವ ಕೈಯೇ ಊರಲ್ಲಿ ಇಲ್ಲವಾಗಿತ್ತು. ಡಾಕ್ಟರನ್ನು ಹಿಡಿದದ್ದೂ ಆ ವರ್ಷವೇ.

ಅಷ್ಟರಲ್ಲಿ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಎದುರಿನ ಮನೆ ಖಾಲಿಯಾಯಿತು. ದೊಡ್ಡಪ್ಪ ಯಾರನ್ನೂ ಕೇಳದೆ ಅದರ ಕೀಲಿ ಇಸಿದುಕೊಂಡು ಬಂದರು. "ಶನಿವಾರ ಹರಿಹರಕ್ಕ ಹೊಂಟೀನಿ. ಭಾನುವಾರ ಅವ್ನನ್ನ ಕರ್ಕಂಡೇ ಬರ್ತೀನಿ. ಈ ಕೀಲಿ ಕೈಯಾಗಿಟ್ರೆ ಹೆಂಗೆ ಬರಂಗಿಲ್ಲ ನೋಡ್ತೀನಿ!"

ಬಿ.ಎಡ್. ಓದುತ್ತಿದ್ದ ನನ್ನನ್ನು ಜೊತೆಗೆ ಕರೆದರು. ಪ್ರೀತಿಯಿಂದ ಎಂದುಕೊಂಡೆ. ಸಾಮಾನು ನೋಡಿದ ಮೇಲೆ ಕಾರಣ ತಿಳಿಯಿತು. ಒಂದು ರಾತ್ರಿಗೆ ಒಂದು ಹಾಸಿಗೆ ಗಂಟು, ಒಂದು ದೊಡ್ಡ ಚೀಲ ಮಂಡಕ್ಕಿ, ಮೇಲೆ ಒಂದು ಕ್ಯಾನು ನೀರು!

"ದೊಡ್ಡಪ್ಪ, ಹರಿಹರದಾಗ ಹೊಳೇನೇ ಐತಲ್ರಿ. ನಮ್ಮ ನಳಕ್ಕೂ ಆ ಹೊಳೆ ನೀರೇ ಬರೋದು."

"ಬರೋದು ಅಲ್ಲಿಂದಾನೇ ಇರ್ಬೋದು ತಾಯಿ. ರುಚಿ ಬರೋದು ಇಲ್ಲಿಗೆ ಬಂದ ಮ್ಯಾಲೆ!"

ಬಸ್ಸಿನಲ್ಲಿ ಕಂಡಕ್ಟರು ಗಂಟಿಗೂ ಚೀಲಕ್ಕೂ ಸೇರಿ ಎರಡು ಲಗೇಜು ಟಿಕೆಟ್ ಎಂದರು. ಟವೆಲ್ ಬಿತ್ತು. ಕಂಡಕ್ಟರು ಒಂದು ನಿಮಿಷ ತಮ್ಮ ಕೈ ಎಲ್ಲಿ ಹೋಯಿತೆಂದು ಹುಡುಕಿದರು. "ಅಜ್ಜಾರ, ಕೈ ಬಿಡ್ರಿ. ಇನ್ನೂ ಬಸ್ ತುಂಬ ಮಂದೀಗೆ ಟಿಕೆಟ್ ಹರೀಬೇಕು!" ಕಡೆಗೆ ಎರಡೂ ಟಿಕೆಟ್ ನಾನೇ ತೆಗೆದುಕೊಂಡೆ.

ಹರಿಹರದ ಮನೆಯಲ್ಲಿ ಜೋಳದ ಮಾಮ ವರಾಂಡದ ಬೆಂಚಿನ ಮೇಲೆ ಕೂತಿದ್ದರು. ತಾನಾಗಿ ಮೊದಲು ಮಾತಾಡಬಾರದೆಂದು ಪಣ ತೊಟ್ಟಿದ್ದ ದೊಡ್ಡಪ್ಪ ಗೇಟಿನಲ್ಲಿ ನಿಂತು ಕೆಮ್ಮಿದರು. ಮಾಮ ದಡಕ್ಕನೆ ಎದ್ದು ನಿಂತರು. ಮುಖವೆಲ್ಲ ನಗು. ಆದರೆ ಆ ನಗೆಯನ್ನು ನಮ್ಮ ಕಡೆ ಬೀರದೆ ಪಕ್ಕದ ದಾಸವಾಳದ ಗಿಡದ ಕಡೆ ಬೀರಿ, "ಬಾರಲೇ, ಬಾ" ಎಂದರು.

"ವರ್ಷ ಆದ ಮ್ಯಾಲೆ ಬಂದ್ರೂ ಮುಖ ಆ ಕಡೆ ಮಾಡ್ಕಂಡು ಕರೀತೀಯಾ? ಹೊಳೆ ದಂಡೀಗೆ ಬಂದು ಸೊಕ್ಕು ಏರೈತೆ ನಿಂಗ!"

ಮಾಮ ನಕ್ಕರು. ಅವರ ಮಗಳು ಓಡಿಬಂದು "ಬರ್ರಿ ಕಾಕಾ, ಕೂಡ್ರಿ" ಎಂದು ಉಪಚಾರ ಮಾಡಿದಳು. ದೊಡ್ಡಪ್ಪ ಹಾಸಿಗೆ ಗಂಟನ್ನು ನಡುಮನೆಯಲ್ಲಿ ದೊಪ್ಪನೆ ಹಾಕಿ, ಹರಿಹರದ ತಪಾಸಣೆ ಶುರು ಮಾಡಿದರು. ಸೊಳ್ಳೆ ಜಾಸ್ತಿ. ರೈಲಿನ ಸದ್ದು ಜಾಸ್ತಿ. ಮುಂದಿಟ್ಟ ಮಂಡಕ್ಕಿಯಿಂದ ಒಂದೇ ಒಂದು ಕಾಳು ಎತ್ತಿ, ಕಣ್ಣು ಮುಚ್ಚಿ ಕಡಿದರು. "ಸದ್ದೇ ಇಲ್ಲ! ಮೆತ್ತಗಾಗೈತೆ. ಇದನ್ನ ತಿಂದು ಹೆಂಗೆ ಬದುಕೀಯಲೇ?"

"ತಡಿ, ಬಿಸಿ ಮಾಡಿಸ್ಕಂಡು ಬರ್ತೀನಿ" ಎಂದು ಮಾಮ ತಟ್ಟೆ ಹಿಡಿದು ಒಳಗೆ ಹೊರಟರು. ಸರಸರನೆ ಐದು ಹೆಜ್ಜೆ, ಬಲಕ್ಕೆ ತಿರುಗಿದರು, ಮತ್ತೆ ಎರಡು ಹೆಜ್ಜೆ. ನಡುಮನೆಯಲ್ಲಿದ್ದ ದೊಡ್ಡಪ್ಪನ ಗಂಟಿಗೆ ಎಡವಿ ಬಿದ್ದರು. ಮಂಡಕ್ಕಿ ಮನೆ ತುಂಬ ಚೆಲ್ಲಿತು.

"ಅಷ್ಟು ದೊಡ್ಡ ಗಂಟು ಕಾಣಂಗಿಲ್ಲೇನಲೇ?" ಎಂದು ದೊಡ್ಡಪ್ಪ ಗದರಿಕೊಂಡೇ ಎತ್ತಲು ಹೋದರು.

ಮಾಮ ನೆಲದ ಮೇಲೆ ಕೂತು ಮೊಣಕಾಲು ನೀವಿಕೊಂಡು ಹೇಳಿದರು: "ಇಲ್ಲ. ಕಾಣಂಗಿಲ್ಲ."

ಮಗಳು ಗೋಡೆ ಕಡೆ ತಿರುಗಿದಳು. ಮಂಡಿಯಲ್ಲಿದ್ದಾಗಲೇ ಕಣ್ಣು ಮಸುಕಾಗುತ್ತಿತ್ತಂತೆ. ಇನ್ನು ಆರು ತಿಂಗಳು ಕಂಡರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರಂತೆ.

"ಕಣ್ಣಿರೋವಾಗ್ಲೇ ಬಂದು ಈ ಮನಿ ಕಲ್ತ್ಕಂಡೆ" ಎಂದರು ಮಾಮ. "ಬಾಗ್ಲು ಎಲ್ಲಿ, ನೀರಿನ ಕೊಡ ಎಲ್ಲಿ, ಅಡುಗೆ ಮನೀಗೆ ಎಷ್ಟು ಹೆಜ್ಜಿ. ತಡ ಮಾಡಿದ್ರೆ ಕಲಿಯಾಕ ಆಗ್ತಿರ್ಲಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರೆ ಬಿಡ್ತಿದ್ಯಾ ನೀನು?"

ದೊಡ್ಡಪ್ಪ ಹಾಸಿಗೆ ಗಂಟನ್ನು ತಾವೇ ಎತ್ತಿ ಅಟ್ಟದ ಮೇಲೆ ಹಾಕಿದರು. ಆಮೇಲೆ ಗೆಳೆಯನ ಪಕ್ಕ ನೆಲದ ಮೇಲೆ ಕೂತು, ತಟ್ಟೆಯಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಮುಕ್ಕತೊಡಗಿದರು. "ಚಲೋ ಐತೆ. ಗರಿಗರಿ ಐತೆ" ಎಂದರು. ಅಂಥ ಹಸಿ ಸುಳ್ಳನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು.

ಭಾನುವಾರ ಊಟ ಮುಗಿಸಿ ಹೊರಟಾಗ ದೊಡ್ಡಪ್ಪನ ಕೈ ಕೀಲಿಯಿದ್ದ ಜೇಬಿಗೆ ಹೋಯಿತು. ಒಳಗೇ ಸ್ವಲ್ಪ ಹೊತ್ತು ಇದ್ದು ಬರಿಗೈಯಾಗಿ ಹೊರಗೆ ಬಂತು.

"ಟವೆಲ್ ಐತೇನಲೇ?" ಎಂದರು ಮಾಮ.

"ಐತೆ."

"ಹಾಕು ಮತ್ತ."

ಎರಡು ಕೈಗಳ ಮೇಲೆ ಟವೆಲ್ ಬಿತ್ತು. ಅದರ ಕೆಳಗೆ ಯಾರಿಗೂ ಎಂದೂ ಕಣ್ಣು ಬೇಕಾಗಿರಲಿಲ್ಲ. ಟವೆಲ್ ಎಳೆದಾಡಿತು, ಗುದ್ದಾಡಿತು. "ನಂಗ ಲುಕ್ಸಾನ್ ಆಗ್ತೈತಲೇ!" ಎಂದು ದೊಡ್ಡಪ್ಪ ಕೂಗಿದರು. "ನಿನ್ನ ಮಾಲೇನು ಹೊಸದಾ?" ಎಂದರು ಮಾಮ. ಆಮೇಲೆ ಟವೆಲ್ ನಿಂತಿತು. ಮಂಡಿಯಲ್ಲಾದರೆ ಕುದುರಿದ ಕೂಡಲೇ ಕೈ ಕಿತ್ತುಕೊಳ್ಳುತ್ತಾರೆ. ಇವರಿಬ್ಬರೂ ಬಿಡಲೇ ಇಲ್ಲ. ನಮಗೆ ಒಂದು ಬಸ್ಸು ತಪ್ಪಿತು.

ಮುಂದಿನ ಬಸ್ಸಿನಲ್ಲಿ ಕೇಳಿದೆ. "ಎಷ್ಟಕ್ಕ ಕುದುರಿತು ದೊಡ್ಡಪ್ಪ?"

"ನಾಕಕ್ಕ."

"ಏನು ನಾಕು?"

"ತಿಂಗ್ಳಿಗೆ ನಾಕು ಭಾನುವಾರ ನಾನು ಬರೋದು. ನಾನು ಎರಡು ಹಿಡ್ದೆ. ಅವ್ನು ಅಂಗೈ ಅದುಮಿ ಐದು ಕೇಳಿದ. ಹಠಮಾರಿ!"

"ಮತ್ತ ಆ ಕೀಲಿ?"

ದೊಡ್ಡಪ್ಪ ಕಿಟಕಿಯ ಕಡೆ ನೋಡಿದರು. "ಆ ಮನೀಗೆ ಮೂರು ಮೆಟ್ಲು ಅದಾವ ತಾಯಿ. ಅವ್ನು ನೋಡಿಲ್ಲ ಅವನ್ನ."

ಅಲ್ಲಿಂದ ಪ್ರತಿ ಭಾನುವಾರ ದೊಡ್ಡಪ್ಪ ಒಬ್ಬರೇ ಹರಿಹರಕ್ಕೆ ಹೋಗತೊಡಗಿದರು. ಗಂಟಿಲ್ಲ, ಕ್ಯಾನಿಲ್ಲ. ಮಂಡಕ್ಕಿ ಮಾತ್ರ ಇರುತ್ತಿತ್ತು. ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಬೆಳಗ್ಗೆ ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟದ್ದನ್ನು ಕಂಡು ದೊಡ್ಡಮ್ಮ ಕ್ಯಾಲೆಂಡರು ನೋಡಿದರು.

"ಈ ತಿಂಗ್ಳದ್ದು ನಾಕೂ ಮುಗದಾವಲ್ರಿ. ಇದು ಐದನೇದು."

ಯಾರಿಗೂ ಒಂದು ಹಿಡಿ ಕಾಳು ಹೆಚ್ಚಿಗೆ ಕೊಡದ ನಮ್ಮ ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಗೊತ್ತೈತೆ. ಇದು ಕೊಸರು."